ಕತ್ತಲೆಯೆಂಬ ಗೋಮಾಳ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗುಡ್ಡಸಾಲಿನಲ್ಲಿ ಒಂದು ಸಾರ್ವಜನಿಕ ಆಸ್ತಿ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಅದಕ್ಕೆ ಪಹಣಿಯಿಲ್ಲ, ಸರ್ವೆ ನಂಬರಿಲ್ಲ, ಚೆಕ್ಕುಬಂದಿಯಿಲ್ಲ. ಒತ್ತುವರಿಯಾದರೆ ದೂರು ಕೊಡಲು ಯಾವ ಕಚೇರಿಯಲ್ಲಿಯೂ ಅರ್ಜಿ ನಮೂನೆಯಿಲ್ಲ. ಆ ಆಸ್ತಿಯ ಹೆಸರು ಕತ್ತಲೆ. ಕೆರೆಗಾಗಿ, ಗುಂಡುತೋಪಿಗಾಗಿ, ಗೋಮಾಳಕ್ಕಾಗಿ ದನಿಯೆತ್ತಿದವರು ಕೂಡ ರಾತ್ರಿಯ ಆಕಾಶದ ಬಗೆಗೆ ಮಾತನಾಡಿದ್ದು ಅಪರೂಪ. ಈ ನಷ್ಟವನ್ನು ಎಲ್ಲರಿಗಿಂತ ಮೊದಲು ಗುರುತಿಸುವವರು, ಸಣ್ಣ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಮಂದ ನೀಹಾರಿಕೆಗಳ ಚಿತ್ರ ತೆಗೆಯುವ ಕೆಲವೇ ಮಂದಿ. ಅವರ ಕೆಲಸವನ್ನು ಸಮಾಜ ಹವ್ಯಾಸವೆಂದು ಕರೆದು ಬದಿಗಿಟ್ಟಿದೆ. ಅವರಲ್ಲಿ ಬಹುಪಾಲು ಜನರೂ ಅದನ್ನು ಹವ್ಯಾಸವೆಂದೇ ಒಪ್ಪಿಕೊಂಡು ಸುಮ್ಮನಿದ್ದಾರೆ. ಎರಡೂ ತಪ್ಪು.

ನೀಹಾರಿಕೆಯೆಂದರೆ ನಕ್ಷತ್ರಗಳ ನಡುವೆ ಹರಡಿರುವ ಅನಿಲ ಮತ್ತು ಧೂಳಿನ ಮೋಡ. ಮೃಗಶಿರ, ಆರಿದ್ರೆಯ ಮಳೆಗಳನ್ನು ಲೆಕ್ಕ ಹಾಕುವ ರೈತನಿಗೆ ಆಕಾಶದ ಆ ಭಾಗ ಹೊಸದಲ್ಲ. ಜೂನ್ ತಿಂಗಳಲ್ಲಿ ಸೂರ್ಯನು ಆ ನಕ್ಷತ್ರಗಳ ನೆರೆಯಲ್ಲಿರುವುದರಿಂದ, ಮಳೆ ಯಾವ ನಕ್ಷತ್ರದ್ದೋ ಆ ನಕ್ಷತ್ರವೇ ಹಗಲಿನಲ್ಲಿ ಅಡಗಿರುತ್ತದೆ. ಅದನ್ನು ಕಣ್ಣಾರೆ ಕಾಣಬೇಕಾದರೆ ಡಿಸೆಂಬರ್, ಜನವರಿಯ ರಾತ್ರಿಗಳಿಗಾಗಿ ಕಾಯಬೇಕು. ಆಗ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯ ಜಾಗದಲ್ಲಿ, ಒಂದು ಚುಕ್ಕೆ ಮಾತ್ರ ಒದ್ದೆ ಕಾಗದದ ಮೇಲೆ ಬಿದ್ದ ಮಸಿಯಂತೆ ಹರಡಿಕೊಂಡು ಕಾಣುತ್ತದೆ. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ಮಹಾವ್ಯಾಧ ನೀಹಾರಿಕೆ. ಅಲ್ಲಿ ಇಂದಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಈ ನೀಹಾರಿಕೆಯತ್ತ ದೂರದರ್ಶಕವನ್ನು ತಿರುಗಿಸಿ, ಫಲಕವನ್ನು 51 ನಿಮಿಷ ಬೆಳಕಿಗೆ ಒಡ್ಡಿ, ನೀಹಾರಿಕೆಯೊಂದರ ಮೊದಲ ಛಾಯಾಚಿತ್ರವನ್ನು ಪಡೆದನು.

ಇದು ಬರಿಗಣ್ಣಿಗೂ ದೊರೆಯುವ ನೀಹಾರಿಕೆ. ಮಂದ ನೀಹಾರಿಕೆಗಳ ಸಂಗತಿ ಬೇರೆ. ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಷಣಾರ್ಧದಲ್ಲಿ ಬಂದುದನ್ನು ನೋಡಿ ಬಿಟ್ಟುಬಿಡುತ್ತದೆ. ಕ್ಯಾಮೆರಾ ಹನಿಹನಿಯಾಗಿ ಕೂಡಿಡುತ್ತದೆ. ನಡುಪಟ್ಟಿಯ ಒಂದು ತುದಿಯ ನಕ್ಷತ್ರದ ಪಕ್ಕದಲ್ಲಿರುವ ಕುದುರೆತಲೆ ನೀಹಾರಿಕೆ ಪತ್ತೆಯಾದದ್ದು ಹೀಗೆಯೇ. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕವೊಂದರಲ್ಲಿ ಅದನ್ನು ಗುರುತಿಸಿದವಳು ವಿಲಿಯಮಿನಾ ಫ್ಲೆಮಿಂಗ್. ಆಕೆ ಆ ವೀಕ್ಷಣಾಲಯದ ನಿರ್ದೇಶಕರ ಮನೆಗೆ ಮನೆಗೆಲಸದವಳಾಗಿ ಬಂದಿದ್ದ ಹೆಣ್ಣುಮಗಳು. ಖಗೋಳವು ಸಿರಿವಂತರ ಸೊತ್ತೆಂದು ವಾದಿಸುವವರು ಈ ಸಂಗತಿಯನ್ನು ಒಮ್ಮೆ ಮನನ ಮಾಡಬೇಕು.

ಚಿತ್ರ ತೆಗೆಯುವ ಕ್ರಮವನ್ನು ಸ್ವಲ್ಪ ವಿವರಿಸದೆ ಮುಂದಿನ ವಾದ ಅರ್ಥವಾಗದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ದೂರದರ್ಶಕವೂ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗುವಂತೆ ಮೋಟಾರು ಅಳವಡಿಸಬೇಕು. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ಈ ಜಿಲ್ಲೆಯಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಕೇವಲ 14 ಡಿಗ್ರಿ ಮೇಲಿರುತ್ತದೆ. ಉತ್ತರಕ್ಕೆ ಗುಡ್ಡವಿದ್ದರೂ ಕಷ್ಟ, ಊರಿನ ಬೆಳಕಿದ್ದರೂ ಕಷ್ಟ. ಅಕ್ಷ ಹೊಂದಿದ ಮೇಲೆ ಎರಡೆರಡು ನಿಮಿಷದ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೆಗೆಯುತ್ತಾರೆ. ಅರವತ್ತು ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದರ ಮೇಲೊಂದಿರಿಸಿದರೆ ಎರಡು ಗಂಟೆಯ ಬೆಳಕು ಸೇರಿದಂತಾಯಿತು. ಚಿತ್ರದ ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಕಾಲವನ್ನು ನಾಲ್ಕು ಪಟ್ಟು ಕೊಡಬೇಕು. ಇದು ಯಾವ ಕಂಪನಿಯ ಯಂತ್ರದಿಂದಲೂ ಬದಲಾಗದ ನಿಯಮ.

ಈಗ ಬೆಳಕಿನ ಲೆಕ್ಕ. ನೀಹಾರಿಕೆಯ ಬೆಳಕು ಎಷ್ಟಿದೆಯೋ ಅಷ್ಟೇ ಇರುತ್ತದೆ. ಅದನ್ನು ಮುಚ್ಚುವುದು ಹಿನ್ನೆಲೆಯ ಆಕಾಶದ ಬೆಳಕು. ಆಕಾಶ ಎರಡೂವರೆ ಪಟ್ಟು ಬೆಳಗಿದರೆ, ನಾಲ್ಕು ಗಂಟೆಯಲ್ಲಿ ದೊರೆಯುತ್ತಿದ್ದ ಚಿತ್ರಕ್ಕೆ ಹತ್ತು ಗಂಟೆ ಬೇಕಾಗುತ್ತದೆ. ಹತ್ತು ಗಂಟೆಯೆಂದರೆ ಚಳಿಗಾಲದ ಒಂದಿಡೀ ರಾತ್ರಿ. ಒಂದು ವಸ್ತು ದಿಗಂತದಿಂದ ಸಾಕಷ್ಟು ಮೇಲೆ ಇರುವ ಅವಧಿಯನ್ನು ಪರಿಗಣಿಸಿದರೆ ಎರಡು ಮೂರು ರಾತ್ರಿ. ಬೆಳಿಗ್ಗೆ ಎದ್ದು ಹಾಲು ಕರೆಯಬೇಕಾದ, ಬಸ್ಸು ಹಿಡಿದು ಕಾಲೇಜಿಗೆ ಹೋಗಬೇಕಾದ ಹುಡುಗನಿಗೆ ಅಷ್ಟು ರಾತ್ರಿಗಳನ್ನು ಕೊಡುವವರು ಯಾರು? ಅಂದರೆ ಬೆಳಕಿನ ಮಾಲಿನ್ಯವು ಮೊದಲು ಕಸಿದುಕೊಳ್ಳುವುದು ಬಡವನ ಆಕಾಶವನ್ನು. ಹಣವುಳ್ಳವನು ವಿಮಾನ ಹತ್ತಿ ಲಡಾಖಿಗೆ ಹೋಗಬಲ್ಲ.

ಈ ಸೀಮೆಗೆ ಪ್ರಕೃತಿ ಕೊಟ್ಟಿರುವುದೇನೆಂಬುದನ್ನು ಸ್ಥಳೀಯರೇ ಮರೆತಂತಿದೆ. ಮಳೆನೆರಳಿನ ಪ್ರದೇಶವೆಂಬುದು ಬೇಸಾಯಕ್ಕೆ ಶಾಪವಾಗಿರಬಹುದು. ಹಿರಿಯೂರಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತೆಂಬುದೇ ಅದಕ್ಕೆ ಸಾಕ್ಷಿ. ಆದರೆ ಮೋಡವಿಲ್ಲದ ಅದೇ ರಾತ್ರಿಗಳು ಆಕಾಶ ನೋಡುವವನಿಗೆ ಸಂಪತ್ತು. ಅಕ್ಷಾಂಶದ ಲಾಭ ಇನ್ನೂ ದೊಡ್ಡದು. ಲಂಡನ್ನಿನಲ್ಲಿ ದಿಗಂತದಿಂದ 33 ಡಿಗ್ರಿಯಷ್ಟೇ ಏರುವ ಮಹಾವ್ಯಾಧ ನೀಹಾರಿಕೆ ಚಿತ್ರದುರ್ಗದಲ್ಲಿ 70 ಡಿಗ್ರಿ ಏರಿ ನೆತ್ತಿಯ ಸಮೀಪ ನಿಲ್ಲುತ್ತದೆ. ಯುರೋಪಿನ ಬಹುಭಾಗಕ್ಕೆ ಎಂದೂ ಕಾಣದ ಕರೀನಾ ನೀಹಾರಿಕೆ, ಮಾರ್ಚ್ ಆರಂಭದ ನಡುರಾತ್ರಿಯ ಹೊತ್ತಿಗೆ ಇಲ್ಲಿ ದಕ್ಷಿಣ ದಿಗಂತದಿಂದ 16 ಡಿಗ್ರಿ ಎತ್ತರದಲ್ಲಿರುತ್ತದೆ. ಹದಿನಾರು ಡಿಗ್ರಿಯೆಂದರೆ ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆಯಷ್ಟು ಎತ್ತರ. ಜೋಗಿಮಟ್ಟಿಯ ಕಡೆಯಿಂದ ದಕ್ಷಿಣಕ್ಕೆ ನೋಡುವವನಿಗೆ ಆ ಪಟ್ಟಿಯಲ್ಲಿ ಇರುವುದೇನು? ಹೊಸದುರ್ಗದ ದಿಕ್ಕಿನ ಬೆಳಕು, ಆಗ್ನೇಯಕ್ಕೆ ಹಿರಿಯೂರಿನ ಬೆಳಕು, ಅದರಾಚೆ ಬೆಂಗಳೂರಿನತ್ತ ಸಾಗುವ ಹೆದ್ದಾರಿಯ ಬೆಳಕು.

ಬೆಳಕಿನ ಪ್ರಮಾಣ ಮಾತ್ರವಲ್ಲ, ಅದರ ಗುಣವೂ ಕೆಟ್ಟಿದೆ. ಹಿಂದಿನ ಸೋಡಿಯಂ ದೀಪಗಳ ಹಳದಿ ಬೆಳಕು ಕೆಲವೇ ಬಣ್ಣಗಳಲ್ಲಿ ಸಾಂದ್ರಗೊಂಡಿರುತ್ತಿತ್ತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಎಲ್‌ಇಡಿ ಬೀದಿದೀಪಗಳು ಬಂದವು. ವಿದ್ಯುತ್ತಿನ ಉಳಿತಾಯ ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ಹಗಲಿನ ಆಕಾಶ ನೀಲಿಯಾಗಿರುವುದಕ್ಕೆ ಯಾವ ಕಾರಣವೋ ಅದೇ ಕಾರಣದಿಂದ, ಈ ನೀಲಿಯು ಗಾಳಿಯಲ್ಲಿ ಸೋಡಿಯಂ ಹಳದಿಗಿಂತ ಸುಮಾರು ಮೂರು ಪಟ್ಟು ಚದುರುತ್ತದೆ. ಗಣಿ ಲಾರಿಗಳ ಧೂಳು ಸೇರಿದ ಕಡೆ ಇನ್ನೂ ಕೆಡುತ್ತದೆ. ಉಳಿತಾಯವಾದ ಹಣದಲ್ಲಿ ಇನ್ನಷ್ಟು ದೀಪ ಹಾಕುವುದು, ಹತ್ತು ಮನೆಯ ಹಟ್ಟಿಯ ಮುಂದೆಯೂ ಹೈಮಾಸ್ಟ್ ಕಂಬ ನಿಲ್ಲಿಸಿ ಅದರ ಮೇಲೆ ಹೆಸರು ಬರೆಸಿಕೊಳ್ಳುವುದು, ಇದು ಎಲ್ಲ ಪಕ್ಷಗಳಿಗೂ ಸಮಾನವಾದ ಕಾರ್ಯಕ್ರಮ.

ಜಗತ್ತಿನ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಬರಿಗಣ್ಣಿನಿಂದ ನಕ್ಷತ್ರಗಳನ್ನು ನೋಡಿ ವರದಿ ಮಾಡಿದ ಸಾಮಾನ್ಯ ಜನರ 50,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, 2011ರಿಂದ 2022ರವರೆಗೆ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾ ಏರಿದೆಯೆಂದು ತಿಳಿಸಿದರು. ಎಂಟು ವರ್ಷದೊಳಗೆ ಇಮ್ಮಡಿಯಾಗುವ ವೇಗವಿದು. 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವಾಗ ಅದೇ ಊರಿನಲ್ಲಿ 100 ನಕ್ಷತ್ರಗಳನ್ನು ಮಾತ್ರ ಕಾಣುವುದು. ಆ ವೀಕ್ಷಣೆಗಳ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದಿಂದ ಬಂದವು. ಬಯಲುಸೀಮೆಯ ಹಳ್ಳಿಗಳ ಪರವಾಗಿ ಲೆಕ್ಕ ಕೊಟ್ಟವರು ಇಲ್ಲವೆನ್ನುವಷ್ಟು ಕಡಿಮೆ. ಉಪಗ್ರಹಗಳು ಲೆಕ್ಕ ಕೊಡಲಾರವೇ ಎಂದು ಕೇಳಬಹುದು. ರಾತ್ರಿಯ ಬೆಳಕನ್ನು ಅಳೆಯುವ ಮುಖ್ಯ ಉಪಗ್ರಹಗಳಿಗೆ ಎಲ್‌ಇಡಿಯ ನೀಲಿ ಸರಿಯಾಗಿ ಕಾಣದು. ದಿಗಂತದತ್ತ ಅಡ್ಡಲಾಗಿ ಹರಡುವ ಬೆಳಕೂ ಅವುಗಳಿಗೆ ಸಿಕ್ಕುವುದಿಲ್ಲ. ನೆಲದ ಮೇಲೆ ನಿಂತು ನೀಹಾರಿಕೆಯ ಚಿತ್ರ ತೆಗೆಯುವವನ ಕ್ಯಾಮೆರಾಕ್ಕೆ ಎರಡೂ ಸಿಕ್ಕುತ್ತವೆ. ಅವನು ಕಸವೆಂದು ಅಳಿಸಿಹಾಕುವ ಹಿನ್ನೆಲೆಯ ಮಬ್ಬೇ ಊರಿಗೆ ಬೇಕಾದ ದಾಖಲೆ.

ಇಲ್ಲಿಯೇ ಈ ಹವ್ಯಾಸಿಗಳ ಮೇಲೆ ದೂರಿದೆ. ಅಮಾವಾಸ್ಯೆಯ ಆಸುಪಾಸಿನ ವಾರಾಂತ್ಯಗಳಲ್ಲಿ ನಗರಗಳಿಂದ ಕಾರುಗಳಲ್ಲಿ ಗುಡ್ಡದ ಊರುಗಳಿಗೆ ಬಂದು, ಊರಿನ ಕತ್ತಲೆಯನ್ನು ಬಳಸಿಕೊಂಡು, ಬೆಳಗಾಗುವುದರೊಳಗೆ ಹಿಂದಿರುಗುವುದು ಒಂದು ರೂಢಿ. ಬೆಳಕು ಹೆಚ್ಚಾಯಿತೆಂದರೆ ಅವರು ಇನ್ನೂ ಮೂವತ್ತು ಕಿ.ಮೀ. ಮುಂದೆ ಹೋಗುತ್ತಾರೆ, ಅಥವಾ ಸೋಸುಕ ಕೊಳ್ಳುತ್ತಾರೆ. ಸೋಸುಕವೆಂದರೆ ಒಂದೆರಡು ಬಣ್ಣಗಳನ್ನು ಮಾತ್ರ ಒಳಬಿಡುವ ಗಾಜು. ಜಲಜನಕವು ಹೊರಸೂಸುವ 656.3 ನ್ಯಾನೋಮೀಟರಿನ ಕೆಂಪನ್ನು ಮಾತ್ರ ಬಿಟ್ಟು ಉಳಿದ ಬೆಳಕನ್ನು ಅದು ತಡೆಯುತ್ತದೆ. ಹೀಗಾಗಿ ಬೆಂಗಳೂರಿನ ಮನೆಯ ತಾರಸಿಯಿಂದಲೂ ಕುದುರೆತಲೆಯ ಚಿತ್ರ ತೆಗೆಯಬಹುದೆಂಬ ಹೆಮ್ಮೆ ಬೆಳೆದಿದೆ. ಹೆಮ್ಮೆಗೆ ಅರ್ಹವಾದ ಕೌಶಲವೇ ಹೌದು. ಆದರೆ ಅದರಿಂದ ಸಮಸ್ಯೆ ಬಗೆಹರಿಯಿತೆಂದು ಹೇಳುವುದು ಸುಳ್ಳು. ಕೃತ್ತಿಕೆಯ ಸುತ್ತಲಿನ ನೀಲಿ ನೀಹಾರಿಕೆ ತಾನಾಗಿ ಬೆಳಗುವುದಿಲ್ಲ. ಅದರ ಧೂಳು ಪಕ್ಕದ ನಕ್ಷತ್ರಗಳ ಬೆಳಕನ್ನು ಚದುರಿಸುತ್ತದೆ. ಆ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ, ಎಲ್‌ಇಡಿಯಲ್ಲಿಯೂ ಎಲ್ಲ ಬಣ್ಣಗಳಿವೆ. ಎರಡನ್ನು ಬೇರ್ಪಡಿಸುವ ಗಾಜು ಯಾವ ಅಂಗಡಿಯಲ್ಲಿಯೂ ದೊರೆಯದು. ಧೂಳಿನ ನೀಹಾರಿಕೆಗಳಿಗೆ ಕತ್ತಲೆಯ ಹೊರತು ಬೇರೆ ಮದ್ದಿಲ್ಲ. ಗಣಕಯಂತ್ರದಲ್ಲಿ ಮಬ್ಬನ್ನು ಒರೆಸಿಹಾಕುವ ತಂತ್ರಾಂಶಗಳು ಚಿತ್ರವನ್ನು ಅಂದಗೊಳಿಸುತ್ತವೆಯೇ ಹೊರತು ಸೆನ್ಸರಿನ ಮೇಲೆ ಬೀಳದ ಬೆಳಕನ್ನು ತಂದುಕೊಡಲಾರವು. ಅಂದವಾದ ಚಿತ್ರ ಪ್ರಕಟಿಸಿ ಹಿನ್ನೆಲೆಯ ಮಾಲಿನ್ಯವನ್ನು ಮುಚ್ಚಿಡುವವನು, ಕೊಳೆತ ಕೆರೆಯ ನೀರನ್ನು ಸೋಸಿ ಬಾಟಲಿಯಲ್ಲಿ ತುಂಬಿ ಕೆರೆ ಚೆನ್ನಾಗಿದೆಯೆಂದು ತೋರಿಸುವವನಿಗೆ ಸಮ.

ಇನ್ನು ಎದುರು ವಾದಗಳು. ಗುಡ್ಡದಂಚಿನ ಊರಿನವರು ಕೇಳುವ ಪ್ರಶ್ನೆ ಅತ್ಯಂತ ಗಂಭೀರವಾದುದು: ಕರಡಿ, ಚಿರತೆಗಳಿರುವ ಕಡೆ ದೀಪ ಬೇಡವೆಂದರೆ ಹೇಗೆ? ಜೋಗಿಮಟ್ಟಿಯ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಕರಡಿಗೆ ಆ ಗಡಿಯ ಪರಿವೆಯಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿಯೇ ಬರುವುದರಿಂದ ರೈತ ಹೊಲಕ್ಕೆ ಹೋಗಲೇಬೇಕು. ಹೆಣ್ಣುಮಕ್ಕಳಿಗೆ ಕತ್ತಲೆಯ ದಾರಿಯ ಭಯ ಬೇರೆ. ಈ ಭಯಗಳನ್ನು ಲಘುವಾಗಿ ಕಂಡು ನಕ್ಷತ್ರದ ಸೊಬಗನ್ನು ಬೋಧಿಸುವುದು ಅಹಂಕಾರವಾಗುತ್ತದೆ. ಆದರೆ ಹೈಮಾಸ್ಟ್ ದೀಪ ಆ ಭಯಕ್ಕೆ ಉತ್ತರವೇ? ಕಣ್ಣಿಗೆ ನೇರವಾಗಿ ಬಡಿಯುವ ಪ್ರಖರ ದೀಪದಿಂದ ಪಾಪೆ ಕುಗ್ಗುತ್ತದೆ. ಬೆಳಕಿನ ವೃತ್ತದಾಚೆಗಿನ ಕತ್ತಲೆ ಮೊದಲಿಗಿಂತ ದಟ್ಟವಾಗಿ ತೋರುತ್ತದೆ. ಬೇಲಿಯ ಬಳಿ ನಿಂತ ಕರಡಿ ಆಗ ಕಾಣುವುದೇ ಇಲ್ಲ. ಮೇಲೆ ಮುಚ್ಚಳವಿರುವ, ದಾರಿಯ ಮೇಲೆ ಮಾತ್ರ ಬೀಳುವ, ಹಳದಿ ಛಾಯೆಯ ಸಣ್ಣ ದೀಪ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕಾಣಿಸುತ್ತದೆ. ಆಕಾಶಕ್ಕೆ ಹೋದ ಬೆಳಕಿನಿಂದ ಯಾರ ಕಾಲಿಗೂ ದಾರಿ ಕಾಣಿಸಿಲ್ಲ. ಅದಕ್ಕೂ ಬಿಲ್ಲು ಕಟ್ಟುವುದು ಪಂಚಾಯಿತಿಯೇ.

ಎರಡನೆಯ ವಾದ, ಹೊಟ್ಟೆಗಿಲ್ಲದ ಸೀಮೆಗೆ ನೀಹಾರಿಕೆಯ ಚಿಂತೆ ಏಕೆ ಎಂಬುದು. ಹೊಟ್ಟೆಯ ಮಾತನ್ನೇ ಆಡೋಣವಾದರೆ, ಬೆಳೆಗೂ ಕತ್ತಲೆ ಬೇಕು. ಸೇವಂತಿಗೆ ಬೆಳೆಯುವವರಿಗೆ ಇದು ಪಾಠವಾಗಿ ಹೇಳಬೇಕಾದ ಸಂಗತಿಯಲ್ಲ: ಅದು ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ, ರಾತ್ರಿ ದೀಪ ಹಚ್ಚಿದರೆ ಹೂವು ತಡವಾಗುತ್ತದೆ. ದೀರ್ಘಾವಧಿಯ ತೊಗರಿಯೂ ಅದೇ ಜಾತಿಗೆ ಸೇರಿದ್ದು. ಶೇಂಗಾದ ನಡುವೆ ಅಕ್ಕಡಿಯಾಗಿ ಹಾಕಿದ ತೊಗರಿಯ ಸಾಲು ದೀಪದ ಕಂಬದ ಬಳಿ ಹಸಿರಾಗಿಯೇ ಉಳಿದು ಹೂವಿಗೆ ತಡಮಾಡಿದರೆ, ಗೊಬ್ಬರವನ್ನು ದೂರುವ ಮುನ್ನ ಕಂಬದತ್ತಲೂ ನೋಡಬೇಕು. 2017ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕತ್ತಲೆಯ ಹುಲ್ಲುಗಾವಲುಗಳಲ್ಲಿ ಬೀದಿದೀಪ ಹಚ್ಚಿ ನೋಡಿದಾಗ, ರಾತ್ರಿಯಲ್ಲಿ ಹೂವಿಗೆ ಬರುವ ಕೀಟಗಳ ಭೇಟಿ 62 ಶೇಕಡಾ ಇಳಿಯಿತು. ಹಗಲಿನ ಜೇನ್ನೊಣಗಳು ಆ ಕೊರತೆಯನ್ನು ತುಂಬಿಕೊಡಲಿಲ್ಲ. ಒಂದೇ ಬೆಳಕು ನೀಹಾರಿಕೆಯನ್ನೂ ಅಳಿಸುತ್ತದೆ, ಪತಂಗವನ್ನೂ ದಾರಿ ತಪ್ಪಿಸುತ್ತದೆ. ಕ್ಯಾಮೆರಾ ಅದನ್ನು ಬೇಗ ಹಿಡಿಯುತ್ತದೆ, ಹೊಲ ತಡವಾಗಿ ತೋರಿಸುತ್ತದೆ, ವ್ಯತ್ಯಾಸ ಅಷ್ಟೇ.

ಗುಡ್ಡದ ನೆತ್ತಿಯ ಗಾಳಿಯಂತ್ರಗಳ ಬಗೆಗೂ ಒಂದು ಮಾತು. ರಾತ್ರಿಯಿಡೀ ಮಿನುಗುವ ಅವುಗಳ ಕೆಂಪು ದೀಪಗಳು ವಿಮಾನಗಳಿಗಾಗಿ ಇರುವವು; ಅವನ್ನು ಕಿತ್ತುಹಾಕಿರೆನ್ನುವುದು ಅವಿವೇಕ. ವಿಮಾನ ಸಮೀಪಿಸಿದಾಗ ಮಾತ್ರ ಬೆಳಗುವ ವ್ಯವಸ್ಥೆಯನ್ನು ಜರ್ಮನಿಯು ಕಾನೂನಿನ ಮೂಲಕವೇ ಕಡ್ಡಾಯಗೊಳಿಸಿದೆ. ಇಲ್ಲಿಯ ಗಾಳಿಯನ್ನು ಮಾರಿ ಲಾಭ ಮಾಡುವವರು ಇಲ್ಲಿಯ ರಾತ್ರಿಗೆ ಅಷ್ಟು ಖರ್ಚು ಮಾಡಬಾರದೇಕೆ ಎಂದು ಗುಡ್ಡದ ಊರುಗಳು ಕೇಳಬಹುದು, ಕೇಳಬೇಕು.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಕಥೆ ಇದೇ ಜಿಲ್ಲೆಯದು. ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆಗೆ, ಬಾಹ್ಯಾಕಾಶಕ್ಕೆ, ಅಣುವಿಜ್ಞಾನಕ್ಕೆ ಹಂಚಿಕೆಯಾದ ಮೇಲೆ, ಗೋಡೆ ಏಳುವಾಗಲಷ್ಟೇ ಕುರಿ ಕಾಯುವವನಿಗೆ ಸುದ್ದಿ ಮುಟ್ಟಿತು. ಕಾವಲು ‘ಬೀಳು’ ಎಂದು ಕಡತದಲ್ಲಿ ಬರೆದವರಿಗೆ ಹುಲ್ಲು ಕಾಣಲಿಲ್ಲ. ಕತ್ತಲೆಯನ್ನು ‘ಹಿಂದುಳಿದಿರುವಿಕೆ’ ಎಂದು ಬರೆಯುವವರಿಗೂ ಅದರಲ್ಲಿ ಇರುವುದು ಕಾಣದು. ಒಂದು ವ್ಯತ್ಯಾಸವನ್ನು ಗಮನಿಸಬೇಕು: ಗೋಡೆ ಕಟ್ಟಿದ ಕಾವಲು ಹಿಂದಿರುಗುವುದು ಕಷ್ಟ, ಆದರೆ ದೀಪ ಆರಿಸಿದ ರಾತ್ರಿಯೇ ಆಕಾಶ ಮರಳಿ ಬರುತ್ತದೆ. ಇಷ್ಟು ಸುಲಭವಾಗಿ ವಾಸಿಯಾಗುವ ಮಾಲಿನ್ಯ ಮತ್ತೊಂದಿಲ್ಲ. ಅದನ್ನೂ ಮಾಡಲಾಗದಿದ್ದರೆ ನದಿ ಶುದ್ಧೀಕರಣದ ಭಾಷಣಗಳನ್ನು ನಿಲ್ಲಿಸುವುದು ಲೇಸು.

ಮಾದರಿಗಳಿಲ್ಲವೆನ್ನುವಂತಿಲ್ಲ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ 1,073 ಚದರ ಕಿ.ಮೀ. ಪ್ರದೇಶವನ್ನು ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ಕೇಂದ್ರದಲ್ಲಿ ಕುಳಿತು. ಊರಿನ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಿದ್ದರಿಂದ ಕತ್ತಲೆಯೇ ಅವರ ಆದಾಯವೂ ಆಗಿದೆ. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ ದೇಶದ ಮೊದಲ ಕತ್ತಲಾಕಾಶದ ಉದ್ಯಾನವೆಂಬ ಮಾನ್ಯತೆ ಪಡೆಯಿತು. ಅದಕ್ಕಾಗಿ ಅಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ದೀಪಗಳನ್ನು ಕೆಳಮುಖವಾಗಿಸಲಾಯಿತು. ಕರ್ನಾಟಕದ ಖಗೋಳ ವಿಜ್ಞಾನಿಗಳು ಲಡಾಖಿನಲ್ಲಿ ಸಾಧಿಸಿದ್ದನ್ನು ಹೊಸದುರ್ಗದ ಒಂದು ಹೋಬಳಿಯಲ್ಲಿ ಸಾಧಿಸಲು ಯಾವ ಹಿಮಾಲಯ ಅಡ್ಡ ಬಂದಿದೆ? ಆದರೆ ‘ತಾರಾ ಪ್ರವಾಸೋದ್ಯಮ’ದ ಹೆಸರಿನಲ್ಲಿ ಗುಡ್ಡದ ಮೇಲೆ ರೆಸಾರ್ಟು ಬಂದು, ಅದರ ಅಂಗಳದಲ್ಲಿ ಬಣ್ಣದ ದೀಪ ಹಚ್ಚುವ ವಿಪರ್ಯಾಸದ ಬಗೆಗೆ ಎಚ್ಚರವಿರಲಿ. ಗುತ್ತಿಗೆದಾರರು ಕತ್ತಲೆಯನ್ನೂ ಟೆಂಡರಿನಲ್ಲಿ ಕೂಗಬಲ್ಲರು.

ಕಾನೂನಿಗಾಗಿ ದೆಹಲಿಯತ್ತ ನೋಡುತ್ತ ಕೂರಬೇಕಾಗಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಂತೆ ಹಳ್ಳಿಯ ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆ. ಗ್ರಾಮಸಭೆಯಲ್ಲಿ ಕೇಳಬೇಕಾದ ಬೇಡಿಕೆಗಳು ದುಬಾರಿಯವಲ್ಲ. ಹೊಸ ದೀಪಗಳಿಗೆ ಮೇಲ್ಮುಚ್ಚಳ ಇರಬೇಕು. ಬಣ್ಣ 3,000 ಕೆಲ್ವಿನ್ ಮೀರದ ಹಳದಿ ಛಾಯೆಯದಾಗಿರಬೇಕು. ಹಗಲಿನಲ್ಲಿಯೂ ಉರಿಯುವ ಕಂಬಗಳಿಗೆ ಸ್ವಿಚ್ಚು ಬೇಕು. ಹೈಮಾಸ್ಟ್ ರಾತ್ರಿ ಹತ್ತರ ಮೇಲೆ ಆರಬೇಕು. ಹೆದ್ದಾರಿ, ಟೋಲ್ ಕಟ್ಟೆ, ಗಣಿಗಳ ದೀಪಗಳು ಪಂಚಾಯಿತಿಯ ಕೈಯಲ್ಲಿಲ್ಲ; ಅವುಗಳಿಗೆ ಜಿಲ್ಲಾಧಿಕಾರಿಗಳಿಗೆ ಮನವಿ ಹೋಗಬೇಕು, ಮನವಿಯ ಜೊತೆ ಚಿತ್ರಗಳು ಹೋಗಬೇಕು.

ಚಿತ್ರಗಳಿಗೆ ಲಕ್ಷಾಂತರ ರೂಪಾಯಿಯ ಸಲಕರಣೆ ಬೇಕಿಲ್ಲ. ತಾಲ್ಲೂಕು ಕೇಂದ್ರದ ಮದುವೆ ಫೋಟೋಗ್ರಾಫರು ಮೂಲೆಗೆ ಹಾಕಿದ ಹಳೆಯ ಡಿಜಿಟಲ್ ಕ್ಯಾಮೆರಾ, 50 ಮಿ.ಮೀ. ಲೆನ್ಸು ಮತ್ತು ಅದನ್ನು ತಿರುಗಿಸುವ ಒಂದು ಸಣ್ಣ ಮೋಟಾರು ಇದ್ದರೆ, ಮಹಾವ್ಯಾಧನನ್ನು ಬಳಸಿರುವ ಬೃಹತ್ ಕೆಂಪು ಬಾಗು, ಎಡ್ವರ್ಡ್ ಬರ್ನಾರ್ಡ್ 1894ರಲ್ಲಿ ಛಾಯಾಚಿತ್ರದಲ್ಲಿ ಹಿಡಿದ ಆ ನೀಹಾರಿಕೆ, ಮಸುಕಾಗಿಯಾದರೂ ಮೂಡೀತು. ಮಾಮೂಲಿ ಕ್ಯಾಮೆರಾದ ಒಳಗಿನ ಗಾಜು ಜಲಜನಕದ ಕೆಂಪನ್ನು ಬಹುಪಾಲು ತಡೆಯುವುದರಿಂದ ಹೆಚ್ಚು ಹೊತ್ತು ಬೇಕಾಗುತ್ತದೆ. ಒಂದು ಊರಿನಿಂದ ಅದು ಮೂಡಿ, ಹತ್ತು ಕಿ.ಮೀ. ಆಚೆಯ ಊರಿನಿಂದ ಅಷ್ಟೇ ಹೊತ್ತಿನಲ್ಲಿ ಮೂಡದಿದ್ದರೆ, ಆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ವಿವರಣೆ ಬೇಕಾಗದು. ಮೋಟಾರೂ ಇಲ್ಲದ ಶಾಲೆಗಳು ನಾಲ್ಕು ದಿಕ್ಕಿನ ದಿಗಂತ ಮತ್ತು ನೆತ್ತಿಯ ಐದು ಚಿತ್ರಗಳನ್ನು ಮಾತ್ರ ತೆಗೆಯಲಿ: ಮುಕ್ಕಾಲಿಯ ಮೇಲೆ, 18 ಮಿ.ಮೀ. ಲೆನ್ಸಿನಲ್ಲಿ, ಇಪ್ಪತ್ತು ಸೆಕೆಂಡು, ಪ್ರತಿವರ್ಷವೂ ಅದೇ ಸಂವೇದನೆ, ಅದೇ ಬಣ್ಣದ ಹೊಂದಾಣಿಕೆ. ಕ್ಯಾಮೆರಾವೂ ಇಲ್ಲದವರು ಮಹಾವ್ಯಾಧನ ನಾಲ್ಕು ಮೂಲೆಗಳೊಳಗೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಎಣಿಸಿ ಬರೆದಿಡಲಿ. ಎಣಿಸುವ ಮೊದಲು ಕಾಲು ಗಂಟೆ ಮೊಬೈಲಿನ ಪರದೆ ನೋಡಬಾರದು.

ದಿನವನ್ನು ಹುಡುಕಬೇಕಾಗಿಲ್ಲ. ಎಳ್ಳಮಾವಾಸ್ಯೆಯ ರಾತ್ರಿ ಚಂದ್ರನಿರುವುದಿಲ್ಲ, ನಡುರಾತ್ರಿಯ ಆಸುಪಾಸಿನಲ್ಲಿ ಮಹಾವ್ಯಾಧ ನೆತ್ತಿಯ ಹತ್ತಿರ ಬರುತ್ತಾನೆ. ಊರ ದೀಪಗಳಿಂದ ದೂರದ ಒಂದು ಬಂಡೆಯನ್ನು ಆರಿಸಿ, ಅದರ ಮೇಲೆ ಮುಕ್ಕಾಲಿಯ ಮೂರು ಕಾಲುಗಳ ಜಾಗಕ್ಕೆ ಸುಣ್ಣದ ಗುರುತು ಹಾಕಿಡಬೇಕು. ಚಿತ್ರದ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಪ್ರತಿ ಮುಂದಿನ ಗ್ರಾಮಸಭೆಯ ಅರ್ಜಿಗೆ ಲಗತ್ತಾಗಲಿ, ಅರ್ಜಿಗೆ ಸ್ವೀಕೃತಿಯ ಮೊಹರು ಕೇಳಿ ಪಡೆಯಲಿ.